ಎಳನೀರಿನ ಜ್ಞಾನಸ್ನಾನ

ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಕ್ಲೋಸ್‌ಪೇಟೆಯ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕೂತು, "ಚೌರಪ್ಪನವರೇ, ಈ ಕೆಲಸ ಹೇಗಿರುತ್ತದೆ?" ಎಂದು ಕೇಳುತ್ತಾರೆ. ಕಾಲು ನೋಯುತ್ತದೆ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ಈಗ ಕಾನಕಾನಹಳ್ಳಿಗೆ ಮೋಟಾರು ಬಸ್ಸು ಹೋಗುತ್ತದೆ. ನಮ್ಮ ಕಾಲದಲ್ಲಿ ಹೋಗುತ್ತಿದ್ದದ್ದು ನಮ್ಮ ಕಾಲು ಮಾತ್ರ. ಆದರೂ ಇನ್ನೊಂದು ಜನ್ಮವಿದೆ ಎಂದು ನಮ್ಮ ಧರ್ಮ ಹೇಳುವುದಾಗಿದ್ದರೆ, ಇದೇ ಕೆಲಸವನ್ನು ಬೇಡಿಕೊಳ್ಳುತ್ತಿದ್ದೆ.

ಉಪದೇಶಿ ಎಂದರೆ ನಮ್ಮ ಕ್ರೈಸ್ತ ಸ್ವಾಮಿಗಳ ಬಾಯಿ, ಅಗತ್ಯಬಿದ್ದರೆ ಬೆನ್ನು. ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿ ಸೀಮೆಗೆಲ್ಲ ಒಬ್ಬರೇ ಸ್ವಾಮಿ. ಒಂದು ಊರಿಗೆ ಅವರು ಬಂದು ಹೋದರೆ ಮತ್ತೆ ಬರುವುದು ತಿಂಗಳುಗಳ ಮೇಲೆ. ಉಳಿದ ದಿನಗಳಲ್ಲಿ ಜನರನ್ನು ಕೂಡಿಸಿ ಜಪ ಹೇಳಿಸುವುದು, ಮಕ್ಕಳಿಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು, ಗಂಡಹೆಂಡಿರ ಜಗಳ ಬಿಡಿಸುವುದು, ಸಾಯುವವರ ಪಕ್ಕದಲ್ಲಿ ಕೂರುವುದು ನಮ್ಮ ಪಾಲಿನದು. ಸ್ವಾಮಿಗಳು ಬಂದಾಗ ಪೂಜೆಯ ಪೆಟ್ಟಿಗೆ ಹೊರುವುದೂ ನಮ್ಮ ಪಾಲಿನದೇ. ಅದರ ಭಾರವನ್ನು ಯಾವ ದೈವಶಾಸ್ತ್ರದಲ್ಲೂ ಬರೆದಿಲ್ಲ.

ನಾನು ಬಹುಕಾಲ ಕೆಲಸ ಮಾಡಿದ್ದು ಫ್ರಾನ್ಸ್ ದೇಶದ ಒಬ್ಬ ಸ್ವಾಮಿಗಳ ಕೈಕೆಳಗೆ. ಎದೆಯವರೆಗೆ ಇಳಿದ ಗಡ್ಡ ಇದ್ದದ್ದರಿಂದ ಜನ ಅವರನ್ನು ಗಡ್ಡದ ಸ್ವಾಮಿಗಳು ಎನ್ನುತ್ತಿದ್ದರು. ಅವರು ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವರು. ಕುದುರೆ ಮೊಂಡುಬಿದ್ದರೂ "ಎಲೈ ಅಶ್ವವೇ, ಏಕೆ ನಿಂತುಕೊಂಡವನಾಗಿದ್ದೀಯೆ?" ಎಂದು ಗದರುವರು. ಹೊಲದಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು, "ಸ್ವಾಮಿಗೋಳು ಕುದ್ರೆಗೂ ಹರಿಕತೆ ಮಾಡ್ತಾವ್ರೆ ಕಣವ್ವ" ಎನ್ನುವರು. ಕೋಪ ಬಂದರೆ ಮಾತ್ರ ಫ್ರೆಂಚಿಗೆ ಇಳಿಯುತ್ತಿದ್ದರು, ಅದು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಮೇಲಧಿಕಾರಿ ಎಂದರೆ ಹೀಗಿರಬೇಕು ಎಂದು ಈಗಲೂ ಅನ್ನಿಸುತ್ತದೆ.

ಪಾಪದ ಪಾಠದಿಂದ ಶುರುಮಾಡುತ್ತೇನೆ. ಯಾಕೆಂದರೆ ಹೊಸಬರು ಮೊದಲು ಎಡವುವುದೇ ಅಲ್ಲಿ. ನಮ್ಮ ಕಾಲದಲ್ಲಿ ಬಣ್ಣದ ಪಟಗಳಿರಲಿಲ್ಲ. ಪ್ರಶ್ನೆ ನಾನು ಕೇಳಬೇಕು, ಉತ್ತರವನ್ನು ಊರೇ ಕೂಗಬೇಕು. ಆತ್ಮವನ್ನು ಕೊಲ್ಲುವ ಪಾಪಕ್ಕೆ ಏನೇನು ಬೇಕು? ವಿಷಯ ದೊಡ್ಡದಾಗಿರಬೇಕು, ಪಾಪವೆಂದು ಚೆನ್ನಾಗಿ ತಿಳಿದಿರಬೇಕು, ತಿಳಿದೂ ಮನಸ್ಸು ಪೂರ್ತಿ ಒಪ್ಪಿ ಮಾಡಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಆ ಬಗೆಯ ಪಾಪವಲ್ಲ. ಕಾನಕಾನಹಳ್ಳಿ ಕಡೆಯ ಒಂದು ಊರಿನಲ್ಲಿ, ಈಸ್ಟರ್ ಹಬ್ಬದ ಮುಂಚೆ ಸ್ವಾಮಿಗಳ ಕಿವಿಯಲ್ಲಿ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಜನರನ್ನು ಸಿದ್ಧಮಾಡುತ್ತಿದ್ದಾಗ, ರಾಯಪ್ಪ ಎಂಬ ಬೇಸಾಯಗಾರ ಎದ್ದು ನಿಂತ.

"ಉಪದೇಶಿಗೋಳೆ, ಸುಕ್ರವಾರ ಬಾಡು ತಿಂದ್ರೆ ಪಾಪ ಅಂತೀರಿ. ಬದು ಒತ್ತಿದ್ರೆ?"

"ಎಷ್ಟು ಒತ್ತಿದ್ದೀಯ ರಾಯಪ್ಪ?"

"ನಾನು ಅಂದ್ನಾ? ಯಾರೋ ಒತ್ತವ್ರೆ ಅನ್ಕಳಿ. ಒಸಿ."

"ಒಸಿ ಅಂದ್ರೆ?"

"ಒಂದ್ ಸಾಲು ರಾಗಿ ಬತ್ತದೆ," ಎಂದ. ಊರೆಲ್ಲ ಗೊಳ್ಳೆಂದಿತು, ಯಾಕೆಂದರೆ ಪಕ್ಕದ ಹೊಲದ ಶಿವಣ್ಣನ ಬದುವಿನ ಕಲ್ಲು ನಡೆದಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗಡ್ಡದ ಸ್ವಾಮಿಗಳು ಬಂದಾಗ ರಾಯಪ್ಪ ಎಲ್ಲರಿಗಿಂತ ಮುಂದೆ ನಿಂತು, ಅದೇ "ಯಾರೋ" ಬಗ್ಗೆ ಅವರನ್ನೂ ಕೇಳಿದ. ಅವರು ಹೇಳಿದ್ದು ಒಂದೇ ಮಾತು: "ಮೊದಲು ಕಲ್ಲು, ಅನಂತರ ನನ್ನ ಕಿವಿ." ರಾಯಪ್ಪ ಅಂದೇ ಹೋಗಿ ಕಲ್ಲು ಕಿತ್ತು ಹಿಂದಕ್ಕೆ ನೆಟ್ಟ. ನರಕದ ಹೆದರಿಕೆಯಲ್ಲಿ ಎಷ್ಟು ಹಿಂದಕ್ಕೆ ನೆಟ್ಟನೆಂದರೆ ತನ್ನದೇ ಎರಡು ಸಾಲು ಶಿವಣ್ಣನ ಪಾಲಾಯಿತು. ಶಿವಣ್ಣ ಹಣೆಯಲ್ಲಿ ವಿಭೂತಿ ಇಟ್ಟ ಒಳ್ಳೆಯ ಮನುಷ್ಯ, ಆದರೆ ಅನುಮಾನದವನು. ನೇರವಾಗಿ ನನ್ನ ಹತ್ತಿರ ಬಂದ. "ಏನ್ರೀ ಇದು? ನಿಮ್ಮೋನು ಕಲ್ಲ ಅವ್ನ್ ಕಡೀಕೇ ತಳ್ಕಂಡವ್ನೆ. ಇದ್ರಾಗೆ ಏನೋ ಮಸಲತ್ತು ಐತೆ." ಪಾಪದ ಮೂರು ಲಕ್ಷಣಗಳನ್ನು ಅವನಿಗೂ ವಿವರಿಸಿದೆ. ಪೂರ್ತಿ ಕೇಳಿದ. "ಅಂಗಾರೆ ಗೊತ್ತಿಲ್ದೆ ಮಾಡ್ದೋನ ನಿಮ್ಮ ದೇವ್ರು ಹಿಡಿಯಲ್ಲ ಅನ್ನಿ. ವಾಸಿ," ಎಂದು ಹೇಳಿ, ರಾಯಪ್ಪನನ್ನು ಕರೆದುಕೊಂಡು ಹೋಗಿ ಇಬ್ಬರೂ ಸೇರಿ ಕಲ್ಲನ್ನು ಅದರ ಜಾಗಕ್ಕೆ ಇಟ್ಟರು. ಶಿವಣ್ಣನ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದು ಮುಂದೆ ಇನ್ನೊಬ್ಬರ ವಿಷಯದಲ್ಲಿ ನನಗೆ ಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಆ ಇನ್ನೊಬ್ಬಳು ಸೂಲಗಿತ್ತಿ ಕೆಂಪಮ್ಮ. ಒಕ್ಕಲಿಗರ ಹೆಂಗಸು, ಗಂಡ ಇಲ್ಲ, ಕಬ್ಬಾಳಮ್ಮ ದೇವಿಯ ಒಕ್ಕಲು. ಸುತ್ತಲ ಊರುಗಳಲ್ಲಿ ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ, ಅವರು ಯಾವ ದೇವರಿಗೆ ಕೈಮುಗಿಯುವವರಾದರೂ, ಕರೆಯುವುದು ಅವಳನ್ನೇ. ನಮ್ಮವರ ಮಗು ಹುಟ್ಟುತ್ತಲೇ ಸಾಯುವ ಹಾಗಿದ್ದರೆ ಸ್ವಾಮಿಗಳು ಬರುವ ತನಕ ಕಾಯಲು ಆಗುತ್ತದೆಯೇ? ನನ್ನನ್ನು ಕರೆಸಲೂ ಹೊತ್ತಿರುವುದಿಲ್ಲ. ಆದ್ದರಿಂದ ಸೂಲಗಿತ್ತಿಯರಿಗೆ ಜ್ಞಾನಸ್ನಾನ, ಅಂದರೆ ತಲೆಗೆ ನೀರು ಹುಯ್ದು ಕ್ರಿಸ್ತನವರಾಗಿಸುವ ಸಂಸ್ಕಾರ, ಕೊಡುವುದನ್ನು ಕಲಿಸಿಡಬೇಕು, ಆಗಾಗ ಪರೀಕ್ಷಿಸುತ್ತಲೂ ಇರಬೇಕು ಎಂಬುದು ನಮ್ಮ ಕೆಲಸದ ಒಂದು ಕಟ್ಟಳೆ.

ಹೊಸಬರು ಇಲ್ಲಿ ಕಣ್ಣರಳಿಸುತ್ತಾರೆ. ಜ್ಞಾನಸ್ನಾನ ಪಡೆಯದವಳು ಕೊಡಬಹುದೇ? ಕೊಡಬಹುದು. ಅಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು. ನೀರು ಬೇಕು, ಮಾತು ಬೇಕು, ತಿರುಸಭೆ, ಎಂದರೆ ನಮ್ಮ ಕ್ರೈಸ್ತ ಧರ್ಮಸಭೆ, ಮಾಡುವುದನ್ನೇ ಮಾಡುತ್ತೇನೆಂಬ ಮನಸ್ಸು ಬೇಕು. ಕೊಡುವವಳಿಗೆ ನಂಬಿಕೆ ಇರಲೇಬೇಕೆಂದಿಲ್ಲ. ಇದನ್ನು ಹೇಳಿದಾಗ ಕೆಂಪಮ್ಮ ನನ್ನನ್ನೇ ತಿರುಗಿ ಕೇಳಿದಳು.

"ನಾನು ಕಬ್ಬಾಳಮ್ಮಂಗೆ ನಡ್ಕೊಳೋಳು. ನಂಬಿಕೆ ಇಲ್ದೋಳ ಕೈಲಿ ಮಾಡಿಸ್ತೀರಾ?"

"ನಂಬಿಕೆ ಕೇಳಲ್ಲ ಕೆಂಪವ್ವ. ಮನಸ್ಸು ಕೇಳ್ತಾರೆ."

"ಮನಸ್ಸು ಐತೆ ಬುಡಿ. ಕೂಸಿಗೆ ಒಳ್ಳೇದಾದ್ರೆ ಸಾಕು."

ಅಭ್ಯಾಸಕ್ಕೆ ಒಂದು ಸೋರೆಕಾಯಿ ತಂದಳು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆಯ ಭಾಗಕ್ಕೆ ಚೊಂಬಿನಿಂದ ನೀರು ಹುಯ್ಯುತ್ತಾ, "ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ತಪ್ಪಿಲ್ಲದೆ ಹೇಳುವ ತನಕ ಬಿಡಲಿಲ್ಲ. ನೀರು ಸುಮ್ಮನೆ ಹನಿಯಬಾರದು, ತಲೆಯ ಮೇಲೆ ಹರಿಯಬೇಕು ಎಂದು ನಾನು ಒತ್ತಿ ಹೇಳಿದೆ. ಹರಿಸಿದಳು. ಸೋರೆಕಾಯಿಗೆ ಅಷ್ಟು ಸಲ ಜ್ಞಾನಸ್ನಾನ ಆದದ್ದನ್ನು ನೋಡಿ ಅವಳ ಸೊಸೆ, "ಇನ್ನು ಇದ ಸಾರು ಮಾಡಂಗಿಲ್ವಾ?" ಎಂದು ಕೇಳಿದಳು. ಸಾರು ಮಾಡಿದರು. ನಾನೂ ಉಂಡೆ.

ಕೆಲವು ವರ್ಷ ಕೆಲಸ ಸುಸೂತ್ರವಾಗಿ ನಡೆಯಿತು. ಉಳಿಯದ ಕೂಸುಗಳನ್ನು ಕೆಂಪಮ್ಮ ಜ್ಞಾನಸ್ನಾನ ಕೊಟ್ಟು ಕಳಿಸುತ್ತಿದ್ದಳು. ತಾಯಂದಿರಿಗೆ ಅದೊಂದೇ ಸಮಾಧಾನ. ಮಗು ಹೋಯಿತು, ಆದರೆ ಮೋಕ್ಷಕ್ಕೆ ಹೋಯಿತು. ನೀವು ಈ ಕೆಲಸಕ್ಕೆ ಬಂದಮೇಲೆ, ಆ ಒಂದು ಮಾತು ಒಬ್ಬ ತಾಯಿಗೆ ಎಷ್ಟು ದೊಡ್ಡದೆಂದು ನಿಮಗೇ ತಿಳಿಯುತ್ತದೆ.

ಹಾಗಿರುವಾಗ ರಾಯಪ್ಪನ ಹೆಂಡತಿ ಮರಿಯಮ್ಮನಿಗೆ ಹೆರಿಗೆಯಾಯಿತು. ಬಹಳ ವರ್ಷ ಮಕ್ಕಳಿಲ್ಲದೆ ಹುಟ್ಟಿದ ಗಂಡುಮಗು. ದಿನ ತುಂಬಿರಲಿಲ್ಲ. ಬೆಳಿಗ್ಗೆ ಹುಟ್ಟಿ ಸೂರ್ಯ ನೆತ್ತಿಗೆ ಬರುವ ಮುಂಚೆ ಹೋಯಿತು. ಸುದ್ದಿ ತಿಳಿದು ನಾನು ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ಮರಿಯಮ್ಮ ಅಳುತ್ತಿದ್ದಳು, ಆದರೆ ಮುಖದಲ್ಲಿ ಒಂದು ಬೆಳಕಿತ್ತು. "ಕೆಂಪಮ್ಮ ಕೊಟ್ಬುಟ್ಳು ಉಪದೇಶಿಗೋಳೆ. ನನ್ ಕಂದ ದೇವ್ರ ತಾವ ಹೋಯ್ತು," ಎಂದಳು.

ಕೆಂಪಮ್ಮ ಸೂತಕದ ಸ್ನಾನಕ್ಕೆ ಹೊರಟಿದ್ದವಳು ನನ್ನನ್ನು ಕಂಡು ನಿಂತು, ಹೆಮ್ಮೆಯಿಂದಲೇ ಹೇಳಿದಳು: "ಮಡಕೆ ನೀರ್ನ ಯಾರ್ಯಾರೋ ಮುಟ್ಟಿರ್ತಾರೆ. ಇಂಥಾ ದೊಡ್ ಕೆಲ್ಸಕ್ಕೆ ಅದ ಹುಯ್ಯದಾ ಅಂತ ಎಳನೀರು ಕೆತ್ತಿಸ್ದೆ. ಯಾರ ಎಂಜಲೂ ಆಗದ್ದು. ದೇವ್ರಿಗೆ ಹುಯ್ಯೋದೂ ಅದೇ ಅಲ್ವಾ?" ಎಂದು ಕೆರೆಯ ಕಡೆಗೆ ನಡೆದಳು.

ನನಗೆ ತಪ್ಪು ಅಲ್ಲೇ ಹೊಳೆಯಿತು. ಮುಖದಲ್ಲಿ ತೋರಿಸಬಾರದೆಂದು ನೋಡಿದೆ. ಆದರೆ ಅದು ಫಲಿಸಲಿಲ್ಲ. ಮರಿಯಮ್ಮ ಚಿಕ್ಕಂದಿನಲ್ಲಿ ಪ್ರಶ್ನೋತ್ತರ ಕಲಿತದ್ದು ನನ್ನ ಹತ್ತಿರವೇ. ಜ್ಞಾನಸ್ನಾನಕ್ಕೆ ಯಾವ ನೀರು ಬೇಕು ಎಂಬ ಪ್ರಶ್ನೆಗೆ ಉತ್ತರ ಅವಳ ತುಟಿಯ ಮೇಲೆ ತಾನಾಗಿ ಬಂತು. "ಮಳೆ ನೀರು, ಹೊಳೆ ನೀರು, ಕೆರೆ ನೀರು, ಬಾವಿ ನೀರು..." ಎಂದು ಮೆಲ್ಲಗೆ ಹೇಳುತ್ತಾ ಹೋಗಿ ನಿಂತಳು. ಉತ್ತರದಲ್ಲಿ ಎಳನೀರು ಇರಲಿಲ್ಲ. ನನ್ನ ಮುಖ ನೋಡಿದಳು. ಆ ಬೆಳಕು ಹೋಗಿಬಿಟ್ಟಿತ್ತು.

ರಾಯಪ್ಪನಿಗೆ ತಿಳಿಯಲು ಇನ್ನೊಂದು ಗಳಿಗೆ ಹಿಡಿಯಿತು. ತಿಳಿದಮೇಲೆ ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ಅಂಗಾರೆ ನನ್ ಕೂಸು ಎಲ್ಲೋಯ್ತು?" ಎಂದು ಕೇಳಿದ.

ಜ್ಞಾನಸ್ನಾನವಿಲ್ಲದ ಕೂಸುಗಳಿಗೆ ನರಕದ ನೋವಿಲ್ಲ, ಆದರೆ ದೇವರ ಮುಖದರ್ಶನವೂ ಇಲ್ಲ ಎಂದು ಆ ಕಾಲದಲ್ಲಿ ನಾವು ಕಲಿಸುತ್ತಿದ್ದೆವು. ಅವುಗಳನ್ನು ಹೂಳುತ್ತಿದ್ದದ್ದು ಮಂತ್ರಿಸಿದ ಸ್ಮಶಾನದ ಬೇಲಿಯ ಆಚೆಗೆ. ರಾಯಪ್ಪನಿಗೆ ಬೇಲಿ ಗೊತ್ತಿತ್ತು.

"ಬೇಲಿ ಆಚಿಕೆ ಹಾಕ್ತೀರಾ ನನ್ ಮಗನ್ನ? ನಾನು ನಿಮ್ ಮಾತು ಕೇಳಿ ಕಲ್ಲ ಹಿಂದಕ್ಕಿಟ್ಟೆ. ಆ ದೇವ್ರು ಒಂದ್ ಕೂಸ್ಗೆ ಒಳಗೆ ಜಾಗ ಕೊಡಾಕಿಲ್ವಾ? ಅಂಗಾರೆ ಅವ್ನು ಇಲ್ಲ ಕಣ್ರೀ. ನಂಗಂತೂ ಇಲ್ಲ. ನಾಳೆ ನನ್ನೂ ಆಚಿಕೇ ಹಾಕಿ."

ಪುಣ್ಯಕ್ಕೆ ಸ್ವಾಮಿಗಳು ಪಕ್ಕದ ಊರಿನಲ್ಲೇ ಬಿಡಾರ ಮಾಡಿದ್ದರು. ಹೇಳಿಕಳಿಸಿದೆ. ಅಶ್ವ ಅಂದು ಮೊಂಡುಬೀಳಲಿಲ್ಲ. ಬಿಸಿಲು ಇಳಿಯುವ ಮುಂಚೆ ಬಂದರು. ನಾನು ಹೇಳಿದ್ದನ್ನೆಲ್ಲ ಬೇವಿನ ಮರದಡಿ ನಿಂತು ಕೇಳಿ, ಒಂದು ಪ್ರಶ್ನೆ ಕೇಳಿದರು.

"ಎಳನೀರು ಸಲ್ಲದು ಎಂಬ ಮಾತನ್ನು ಆ ಸ್ತ್ರೀಗೆ ಯಾರಾದರೂ ತಿಳಿಸಿದವರಾಗಿದ್ದಾರೆಯೇ?"

"ಇಲ್ಲ ಸ್ವಾಮಿ. ಸ್ನಾನಕ್ಕೆ ಹೋದವಳು ಹಾಗೇ ಮನೆಗೆ ಹೋದಳು."

"ಒಬ್ಬರೂ ತಿಳಿಸಕೂಡದು. ನಡೆ."

ಕೆಂಪಮ್ಮನ ಮನೆಯ ಮುಂದೆ ಅವರು ಒರಳುಕಲ್ಲಿನ ಮೇಲೆ ಕೂತರು. ಮಗುವಿಗೆ ಏನು ಮಾಡಿದಳು, ಹೇಗೆ ಹಿಡಿದಳು, ಏನು ಹೇಳಿದಳು, ಒಂದೊಂದಾಗಿ ಕೇಳಿದರು. ಮಾತು ಸರಿಯಾಗಿತ್ತು. ಮಗು ಉಸಿರಾಡುತ್ತಿತ್ತು. ಎಳನೀರಿನ ವಿಷಯ ಬಂದಾಗ ಕೆಂಪಮ್ಮನ ದನಿ ತಗ್ಗಿತು. ಎಷ್ಟು ಹುಯ್ದೆ ಎಂದು ಕೇಳಿದರು. ಚೊಂಬಿನಷ್ಟು ಎಂದಳು. ಒಂದು ಕಾಯಿಯಲ್ಲಿ ಚೊಂಬಿನಷ್ಟು ಇತ್ತೇ ಎಂದು ಕೇಳಿದರು. ಅಷ್ಟಕ್ಕೇ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳತೊಡಗಿದಳು.

"ಬುದ್ಧಿ, ನಂದು ತಪ್ಪಾಯ್ತು. ಯಾರ್ಗೂ ಹೇಳಿರಲಿಲ್ಲ. ಕಾಯಿ ಬಲು ಎಳೇದು, ಒಂದ್ ಗುಟುಕು ಇತ್ತಷ್ಟೆ. ಹರೀಬೇಕು, ಹರೀಬೇಕು ಅಂತ ಉಪದೇಶಿಗೋಳು ಹೇಳಿದ್ರು. ಸಾಲ್ದು ಅಂತ ಮಡಕೇಲಿದ್ದ ಬಾವಿ ನೀರ್ನ ಚೊಂಬಿಗೆ ಬಗ್ಗಿಸ್ದೆ. ಕಲಬೆರಕೆ ಮಾಡ್ಬುಟ್ಟೆ. ದೇವ್ರ ಕೆಲ್ಸದಾಗೆ ಮೋಸ ಮಾಡ್ದೆ. ಅದ್ಕೇ ಕೂಸು ಉಳೀಲಿಲ್ವೇನೋ."

ಸ್ವಾಮಿಗಳು ಒರಳಿನಿಂದ ಎದ್ದೇಬಿಟ್ಟರು. "ಯಾವುದು ಹೆಚ್ಚು? ಎಳನೀರೋ, ಬಾವಿಯ ನೀರೋ?"

"ಬಾವಿ ನೀರೇ ಬುದ್ಧಿ. ಎಳನೀರು ಹೆಸ್ರಿಗೆ."

ಗಡ್ಡದ ಸ್ವಾಮಿಗಳು ಫ್ರೆಂಚಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ಕೋಪವಿಲ್ಲದೆ ಅವರು ಫ್ರೆಂಚ್ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಗಡ್ಡ ಒದ್ದೆಯಾಗಿತ್ತು. ಆಮೇಲೆ ಕನ್ನಡಕ್ಕೆ ಬಂದರು. "ಅಮ್ಮಾ, ನೀನು ತಪ್ಪೆಂದು ಬಚ್ಚಿಟ್ಟುಕೊಂಡಿರುವುದೇ ಆ ಮಗುವಿಗೆ ಬಾಗಿಲು ತೆರೆದದ್ದು. ನೀರು ಹೆಚ್ಚಾಗಿದ್ದರೆ ಅದು ನೀರೇ. ಜ್ಞಾನಸ್ನಾನ ಆಗಿದೆ." ಕೆಂಪಮ್ಮ ಅರ್ಥವಾಗದೆ ನನ್ನನ್ನು ನೋಡಿದಳು. ನಾನು ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದೆ. ಯಾವ ಉತ್ತರ ಬೇಕಾಗಿದೆಯೆಂದು ಗೊತ್ತಿಲ್ಲದವಳ ಬಾಯಿಂದ ಬಂದ ಮಾತಾದ್ದರಿಂದಲೇ ಅದನ್ನು ನಂಬಿದೆನೆಂದು ಸ್ವಾಮಿಗಳು ಆಮೇಲೆ ನನಗೆ ಹೇಳಿದರು. ವಿಚಾರಿಸುವುದು ಹೇಗೆಂದು ನಾನು ಕಲಿತದ್ದು ಅಂದು.

ಮಗುವನ್ನು ಬೇಲಿಯ ಒಳಗೆ, ರಾಯಪ್ಪನ ತಂದೆಯ ಪಕ್ಕದಲ್ಲಿ ಮಣ್ಣುಮಾಡಿದೆವು. ಸ್ವಾಮಿಗಳು ಬಿಳಿಯ ಉಡುಪು ತೊಟ್ಟಿದ್ದರು, ಜ್ಞಾನಸ್ನಾನ ಪಡೆದ ಕೂಸಿಗೆ ಕಪ್ಪು ಸಲ್ಲುವುದಿಲ್ಲ. ಮರಿಯಮ್ಮ ಕೆಂಪಮ್ಮನ ಕೈ ಹಿಡಿದುಕೊಂಡೇ ನಿಂತಿದ್ದಳು. ರಾಯಪ್ಪ ಮಣ್ಣು ಹಾಕಿ ಬಂದು, "ಆಗ್ಲೆ ಏನೋ ಅಂದ್ಬುಟ್ಟೆ ಸ್ವಾಮಿಗೋಳೆ. ದೇವ್ರು ಇಲ್ಲ ಅಂದ್ಬುಟ್ಟೆ," ಎಂದ. ಸ್ವಾಮಿಗಳು ಅವನ ಹೆಗಲ ಮೇಲೆ ಕೈಯಿಟ್ಟು, "ಇಲ್ಲದವನ ಮೇಲೆ ಯಾರಾದರೂ ಅಷ್ಟು ಸಿಟ್ಟಾಗುವರೇ?" ಎಂದರು.

ಹಿಂತಿರುಗುವಾಗ ಅವರು ಕುದುರೆ ಹತ್ತಲಿಲ್ಲ, ನನ್ನ ಜೊತೆ ನಡೆದರು. ನನ್ನೊಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಕೇಳಿಯೇಬಿಟ್ಟೆ.

"ಸ್ವಾಮಿ, ಅವಳು ಬೆರೆಸದೇ ಇದ್ದಿದ್ದರೆ?"

ಅವರು ನಡೆಯುತ್ತಲೇ ಹೇಳಿದರು. "ಆಗ ನಾನು ಕಟ್ಟಳೆಯಂತೆ ನಡೆಯುವವನಾಗುತ್ತಿದ್ದೆನು, ಮತ್ತು ಆ ಹಗಲನ್ನು ಸಾಯುವವರೆಗೂ ಮರೆಯದವನಾಗುತ್ತಿದ್ದೆನು. ಕೇಳು ಚೌರಪ್ಪ, ನೀರಿನ ಕಟ್ಟಳೆ ನಮಗೆ. ಅದನ್ನು ಕೊಟ್ಟವನು ತನ್ನ ಕೈಗಳನ್ನು ಅದರಿಂದ ಕಟ್ಟಿಹಾಕಿಕೊಂಡಿಲ್ಲ. ನಾವು ಅವನು ತೋರಿಸಿದ ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಕರೆಯಬೇಕು. ಬೇರೆ ಬಾಗಿಲಿಲ್ಲವೆಂದು ಅವನಿಗೆ ಬುದ್ಧಿ ಹೇಳಲು ನಾವು ಯಾರು?"

"ನಂಬದ ಕೆಂಪಮ್ಮನ ಗತಿ?"

"ಅವಿಶ್ವಾಸ ಪಾಪವೇ. ಆದರೆ ನೀನೇ ಕಲಿಸುವ ಆ ಮೂರು ಲಕ್ಷಣಗಳು ಅದಕ್ಕೂ ಸಲ್ಲುತ್ತವೆ. ತಿಳಿದು, ಒಪ್ಪಿ, ದೂಡಿದವನದು ಪಾಪ. ತಿಳಿಯದವಳು ತನಗೆ ತಿಳಿದಷ್ಟು ಬೆಳಕಿನಲ್ಲಿ ನೆಟ್ಟಗೆ ನಡೆದರೆ, ಕ್ರಿಸ್ತನ ಕೃಪೆ ಅವಳನ್ನು ತಲುಪಲಾರದು ಎಂದು ತಿರುಸಭೆ ಎಂದೂ ಹೇಳಿಲ್ಲ." ಗೊತ್ತಿಲ್ಲದೆ ಮಾಡಿದವನನ್ನು ದೇವರು ಹಿಡಿಯುವುದಿಲ್ಲ ಎಂದ ಶಿವಣ್ಣನ ಮಾತು ನನಗೆ ನೆನಪಾಯಿತು.

ಹಾಗೆಂದು ನನ್ನ ಚಿಂತೆ ಪೂರ್ತಿ ಹೋಗಲಿಲ್ಲ. ಕೆಂಪಮ್ಮ ನನ್ನ ಪಾಠವನ್ನೆಲ್ಲ ಕೇಳಿದವಳು. ಎಷ್ಟೋ ಕೂಸುಗಳನ್ನು ಒಳಗೆ ಕಳಿಸಿ ತಾನು ಹೊಸ್ತಿಲ ಹೊರಗೇ ನಿಂತವಳು. ವರ್ಷಗಳು ಕಳೆದು ಅವಳು ಹಾಸಿಗೆ ಹಿಡಿದಳೆಂದು ತಿಳಿದಾಗ, ನನ್ನ ಕರ್ತವ್ಯವೇನೆಂದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಹೋದೆ. ಸೊಸೆ ಚೊಂಬಿನಲ್ಲಿ ನೀರು ತಂದಿಟ್ಟು ಹೊರಗೆ ಹೋದಳು.

"ಕೆಂಪವ್ವ, ಕೇಳ್ದೆ ಹೋದ್ರೆ ನಂಗೆ ತಪ್ಪಾಯ್ತದೆ. ಅಷ್ಟು ಕೂಸುಗೋಳ್ಗೆ ನೀ ಕೊಟ್ಟಿದ್ದ ನಿಂಗೂ ಕೊಡ್ಲಾ?"

ಅವಳಿಗೆ ನಗು ಬಂತು. ಹಲ್ಲಿಲ್ಲದ ಬಾಯಿ. "ನೀವು ಕೇಳ್ತೀರಿ ಅಂತ ಗೊತ್ತಿತ್ತು. ಬ್ಯಾಡ ಉಪದೇಶಿಗೋಳೆ. ಹುಟ್ಟಿದಾರಭ್ಯ ಕಾಪಾಡ್ದ ಕಬ್ಬಾಳಮ್ಮನ್ನ ಈಗ ಬುಟ್ಬುಟ್ರೆ ಅವ್ಳು ಏನನ್ಕತಾಳೆ?"

ನನ್ನ ಕಣ್ಣಲ್ಲಿ ನೀರು ಕಂಡಿರಬೇಕು, ಅವಳೇ ನನಗೆ ಸಮಾಧಾನ ಹೇಳಿದಳು.

"ಯಾಕ್ ಅಳ್ತೀರಿ? ನಿಮ್ ದೇವ್ರು ಆ ಕೂಸುಗೋಳ್ನೆಲ್ಲ ನನ್ ಕೈಯಿಂದ್ಲೇ ಈಸ್ಕಂಡವ್ನೆ. ನಾ ಹೋದ್ರೆ ನನ್ ಗುರ್ತು ಹಿಡಿಯಲ್ವಾ?"

ಇಷ್ಟವಿಲ್ಲದ ದೊಡ್ಡವರ ತಲೆಗೆ ನೀರು ಹುಯ್ದರೆ ಅದು ಸಂಸ್ಕಾರವಲ್ಲ, ಬಲಾತ್ಕಾರ. ಇದು ನಿಮಗೆ ಚೆನ್ನಾಗಿ ನೆನಪಿರಲಿ. ಅವಳು ಒಸಿ ನೀರು ಕೊಡಿ ಎಂದಳು. ಆ ಚೊಂಬನ್ನೇ ಎತ್ತಿ ಕುಡಿಸಿದೆ. ಎರಡು ದಿನದ ಮೇಲೆ ಅವಳು ತೀರಿಕೊಂಡಳು. ಅವಳ ಜನ ಅವಳನ್ನು ತಮ್ಮ ಹೊಲದಲ್ಲಿ ಮಣ್ಣುಮಾಡಿದರು. ರಾಯಪ್ಪ ಹೆಗಲು ಕೊಟ್ಟ.

ಗಡ್ಡದ ಸ್ವಾಮಿಗಳಿಗೆ ಆ ಹೊತ್ತಿಗೆ ವಯಸ್ಸಾಗಿ, ಗಡ್ಡ ಬೆಳ್ಳಗಾಗಿತ್ತು. ಆ ವಾರ ರಾಯಪ್ಪನ ಊರಲ್ಲೇ ಇದ್ದರು. ಅವಳು ಹೇಳಿದ ಮಾತನ್ನು ಇದ್ದ ಹಾಗೆ ಹೇಳಿದೆ. ಅವರು, "ನಾಳಿನ ಪೂಜೆ ಅವಳಿಗಾಗಿ. ಜ್ಞಾನಸ್ನಾನವಿಲ್ಲದವಳ ಹೆಸರು ಕೂಗಕೂಡದು, ಕಟ್ಟಳೆ ಇದೆ. ಕೂಗದಿದ್ದರೂ ಕೇಳಿಸಬೇಕಾದವನಿಗೆ ಗುರುತು ಸಿಕ್ಕುತ್ತದೆ," ಎಂದರು.

ಈಗ ಹೊಸಬರು ಕೇಳುತ್ತಾರೆ, ಅವಳು ಮೋಕ್ಷಕ್ಕೆ ಹೋದಳೇ ಎಂದು. ನೂರಾರು ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಪಾಠ ಮಾಡಿಸಿದವನು ನಾನು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಭರವಸೆ ಮಾತ್ರ ಇದೆ. ಆದರೆ ಈ ಕೆಲಸ ನನಗೆ ಆ ಹೆಂಗಸನ್ನು ತೋರಿಸಿತಲ್ಲ, ಅದಕ್ಕೆ ನಾನು ದಿನಾ ಕೈಮುಗಿಯುತ್ತೇನೆ.

ಸ್ವಾಮಿಗಳು ಹಾಗೆಂದ ಮರುದಿನ ಬೆಳಿಗ್ಗೆ ಎಂದಿನಂತೆ ಪೂಜೆಯ ಗಂಟೆ ಹೊಡೆದೆ. ಸುಗ್ಗಿಯ ಕಾಲ, ವಾರದ ನಡುವೆ. ಅಂಥ ದಿನ ಪೂಜೆಗೆ ಬರುವವರು ಮುದುಕಿಯರಷ್ಟೇ. ಅಂದು ನಮ್ಮ ಗುಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅಂಗಳ ತುಂಬಿತ್ತು. ಮರಿಯಮ್ಮ, ರಾಯಪ್ಪ, ಕೂಸು ಕಳೆದುಕೊಂಡ ತಾಯಂದಿರು, ಕೂಸು ಉಳಿದು ಬೆಳೆದು ಈಗ ಅವುಗಳ ಕೈ ಹಿಡಿದು ಬಂದ ತಾಯಂದಿರು. ಕೆಂಪಮ್ಮನಿಗಾಗಿ ಜಪ ಮಾಡಲು ತಾವಾಗಿಯೇ ಬಂದಿದ್ದರು. ಪೀಠದಿಂದ ಜನರ ಕಡೆ ತಿರುಗಿದ ಸ್ವಾಮಿಗಳು ಕೈ ಚಾಚಿದವರು ಹಾಗೇ ನಿಂತು, ಪೂಜೆ ಯಾರಿಗೆಂದು ಯಾಕೆ ಹೇಳಿದೆ ಎನ್ನುವಂತೆ ನನ್ನತ್ತ ನೋಡಿದರು. ನಾನು ಯಾರಿಗೂ ಹೇಳಿರಲಿಲ್ಲ.